ಪದಚರ್ಚೆ: ‘ನೊಸ್ಫೆರಾಟು’ ಎಲ್ಲಿಯ ಮಾತು, ಕನ್ನಡದಲ್ಲಿ ಹೇಗೆ ಹೇಳೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಸಿನಿಮಾ ಕೂಟದಲ್ಲಿ ಬರುವ ತಿಂಗಳು ‘ನೊಸ್ಫೆರಾಟು’ ತೋರಿಸುತ್ತಿದ್ದೇವೆ. 1922ರ ಜರ್ಮನ್ ಮೂಕಿಚಿತ್ರ, ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನಾವ್. ಸತ್ತಮೇಲೂ ಎದ್ದು ಬಂದು ಜನರ ರಕ್ತ ಹೀರುವ ‘ವ್ಯಾಂಪೈರ್’ ಒಬ್ಬನ ಕತೆ. ಮೂಕಿ ಅಂದಮೇಲೆ ಮಾತಿಲ್ಲ, ನಡುನಡುವೆ ಪರದೆ ಮೇಲೆ ಬರಹ ಬರುತ್ತದೆ. ಅದನ್ನು ಕನ್ನಡಕ್ಕೆ ತಂದು ಮೈಕಿನಲ್ಲಿ ಓದುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಹಳಷ್ಟು ಸಾಲು ಸಲೀಸಾಗಿ ಬಂತು. ಕೆಲವು ಪದಗಳು ಮಾತ್ರ ಜಪ್ಪಯ್ಯ ಅಂದರೂ ಬಗ್ಗುತ್ತಿಲ್ಲ. ಅದರಲ್ಲಿ ಮೊದಲನೆಯದು ಹೆಸರೇ.

ಚಿತ್ರ ಶುರುವಾಗುವುದೂ ಈ ಪದದಿಂದಲೇ. ‘ನೊಸ್ಫೆರಾಟು! ನಡುರಾತ್ರಿ ಸಾವಿನ ಹಕ್ಕಿ ಕೂಗಿದ ಹಾಗೆ ಕೇಳಿಸುತ್ತದಲ್ಲವೇ ಈ ಮಾತು?’ ಅಂತ ಕೇಳಿ, ಅದನ್ನು ಬಾಯಿಬಿಟ್ಟು ಹೇಳಬೇಡ, ಹೇಳಿದರೆ ಬದುಕಿನ ಚಿತ್ರಗಳೆಲ್ಲ ಮಂಕಾಗಿ ನೆರಳಾಗುತ್ತವೆ ಅಂತ ಎಚ್ಚರಿಸುತ್ತದೆ. ಹೇಳಬಾರದ ಆ ಪದವನ್ನೇ ನಾನು ಮೈಕಿನಲ್ಲಿ ಹೇಳಬೇಕು! ಇರಲಿ.

ಇದು ಯಾವ ಭಾಷೆಯ ಪದ? ರುಮೇನಿಯನ್ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ರುಮೇನಿಯನ್ ಭಾಷೆಯಲ್ಲಿ ಹೀಗೊಂದು ಪದವೇ ಇಲ್ಲ. ಸತ್ತಮೇಲೆ ಎದ್ದು ಬಂದು ಕಾಡುವವರಿಗೆ ಅಲ್ಲಿನ ಜನ ಹೇಳುವುದು ‘ಸ್ತ್ರಿಗೋಯ್’, ‘ಮೊರೋಯ್’ ಅಂತ. ‘ನೊಸ್ಫೆರಾಟು’ ಬಂದದ್ದು ಹೊರಗಿನವರ ಬರಹದಿಂದ. ಎಮಿಲಿ ಜೆರಾರ್ಡ್ ಅನ್ನುವ ಸ್ಕಾಟ್ಲೆಂಡಿನ ಹೆಣ್ಣುಮಗಳು ಆಸ್ಟ್ರಿಯಾ-ಹಂಗೆರಿ ಸೇನೆಯ ಅಧಿಕಾರಿಯನ್ನು ಮದುವೆಯಾಗಿದ್ದರು. ಗಂಡನಿಗೆ ಟ್ರಾನ್ಸಿಲ್ವೇನಿಯಾಕ್ಕೆ (ಈಗಿನ ರುಮೇನಿಯಾದ ಒಂದು ಭಾಗ) ವರ್ಗವಾಯಿತು, ಜೊತೆಗೆ ಇವರೂ ಹೋದರು. ಅಲ್ಲಿನ ಜನರ ನಂಬಿಕೆಗಳ ಬಗ್ಗೆ 1885ರಲ್ಲಿ ಒಂದು ಲೇಖನ ಬರೆದರು. ಅಲ್ಲಿನ ರೈತರೆಲ್ಲ ಸ್ವರ್ಗ ನರಕಗಳನ್ನು ನಂಬುವಷ್ಟೇ ಗಟ್ಟಿಯಾಗಿ ನಂಬುವ ಪಿಶಾಚಿ ಅಂತ ಈ ಪದವನ್ನು ಅದರಲ್ಲಿ ಸೇರಿಸಿದರು. 1860ರ ದಶಕದ ಒಂದು ಜರ್ಮನ್ ಬರಹದಲ್ಲೂ ಇದು ಇದೆ. ಐರ್ಲೆಂಡಿನ ಬ್ರಾಮ್ ಸ್ಟೋಕರ್ ಜೆರಾರ್ಡ್ ಅವರ ಲೇಖನ ಓದಿ, ತನ್ನ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಪದವನ್ನು ಒಂದೆರಡು ಕಡೆ ಬಳಸಿದ.

ಹಾಗಾದರೆ ಜೆರಾರ್ಡ್ ಕಿವಿಗೆ ಬಿದ್ದದ್ದಾದರೂ ಏನು? ಎರಡು ಊಹೆಗಳು ನನಗೆ ಸರಿ ಅನ್ನಿಸುತ್ತವೆ. ಒಂದು, ‘ನೆಸುಫೆರಿತ್’. ಅಂದರೆ ಸಹಿಸಲಾಗದ್ದು. ಇನ್ನೊಂದು, ‘ನೆಕುರಾತ್’. ಅಂದರೆ ಶುದ್ಧವಲ್ಲದ್ದು, ಮೈಲಿಗೆಯದ್ದು. ಸೈತಾನನ ಹೆಸರೆತ್ತಲು ಹೆದರಿ ಆ ಕಡೆಯವರು ಹೀಗೆ ಸುತ್ತಿಬಳಸಿ ಕರೆಯುತ್ತಾರೆ. ನಮಗೂ ಇದೇನು ಹೊಸದಲ್ಲ. ಕತ್ತಲಾದ ಮೇಲೆ ಹಾವಿಗೆ ‘ಹುಳ’ ಅನ್ನುತ್ತೇವೆ. ದೆವ್ವ ಹಿಡಿದಿದೆ ಅನ್ನದೆ ‘ಗಾಳಿ ಸೋಕಿದೆ’ ಅನ್ನುತ್ತೇವೆ. ಮೂರನೆಯ ಊಹೆ ಗ್ರೀಕ್ ಭಾಷೆಯದು, ರೋಗ ಹೊತ್ತು ತರುವವನು ಅನ್ನುವ ಅರ್ಥದ ಪದ. ಕೇಳಲು ಚೆನ್ನಾಗಿದೆ, ಚಿತ್ರಕ್ಕೂ ಹೊಂದುತ್ತದೆ. ಆದರೆ ಗ್ರೀಕ್ ಪದವೊಂದು ಟ್ರಾನ್ಸಿಲ್ವೇನಿಯಾದ ರೈತನ ಬಾಯಿಗೆ ಹೇಗೆ ಬಂತು ಅನ್ನುವುದಕ್ಕೆ ಯಾರೂ ಆಧಾರ ಕೊಟ್ಟಿಲ್ಲ. ಸುಮ್ನೆ ಚಂದಕ್ಕೆ ಹೇಳುವ ಮಾತು ಅಂತಲೇ ನನ್ನ ಅಭಿಪ್ರಾಯ.

ಇಷ್ಟೇ ಆಗಿದ್ದರೆ ಈ ಪದ ಕಾದಂಬರಿಯ ಮೂಲೆಯಲ್ಲೇ ಧೂಳು ತಿನ್ನುತ್ತಾ ಇರುತ್ತಿತ್ತು. ಅದನ್ನು ಎತ್ತಿ ಹಣೆಪಟ್ಟಿಗೆ ಏರಿಸಿದ್ದು ಬರ್ಲಿನ್ನಿನ ಒಂದು ಪುಟ್ಟ ಕಂಪನಿ. ಹೆಸರು ‘ಪ್ರಾಣ ಫಿಲ್ಮ್’. ಹೌದು, ನಮ್ಮದೇ ಪ್ರಾಣ! ಸ್ಥಾಪಕರಲ್ಲಿ ಒಬ್ಬನಾದ ಆಲ್ಬಿನ್ ಗ್ರಾವ್‌ಗೆ ಯೋಗ, ಮಂತ್ರ, ತಂತ್ರಗಳ ಹುಚ್ಚು ಜಾಸ್ತಿ ಇತ್ತು. ಇವರು ಸ್ಟೋಕರ್‌ನ ಕಾದಂಬರಿಯನ್ನೇ ಸಿನಿಮಾ ಮಾಡಿದರು, ಹಕ್ಕು ಮಾತ್ರ ಕೊಂಡುಕೊಳ್ಳಲಿಲ್ಲ. ಡ್ರಾಕುಲಾ ಹೋಗಿ ಕೌಂಟ್ ಓರ್ಲಾಕ್ ಆದ, ಅವನ ಕೋಟೆಗೆ ಹೋಗುವ ತರುಣ ಹಾರ್ಕರ್ ಹೋಗಿ ಹುಟರ್ ಆದ, ಆ ತರುಣನ ಹೆಂಡತಿ ಮೀನಾ ಹೋಗಿ ಎಲೆನ್ ಆದಳು. ಹೆಸರು ಬದಲಿಸಿದವರು ಶೀರ್ಷಿಕೆಯ ಪಟ್ಟಿಯಲ್ಲಿ ಮಾತ್ರ ‘ಬ್ರಾಮ್ ಸ್ಟೋಕರ್‌ನ ಡ್ರಾಕುಲಾ ಆಧರಿಸಿ’ ಅಂತ ಪ್ರಾಮಾಣಿಕವಾಗಿ ಹಾಕಿಬಿಟ್ಟರು. ಸ್ಟೋಕರ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಹೆಂಡತಿ ಫ್ಲಾರೆನ್ಸ್ ಬಿಡುತ್ತಾರೆಯೇ? ಕೇಸು ಹಾಕಿದರು. ಅಷ್ಟರಲ್ಲಿ ಕಂಪನಿ ದಿವಾಳಿಯಾಗಿತ್ತು, ತೆಗೆದದ್ದು ಆ ಒಂದೇ ಚಿತ್ರ. 1925ರಲ್ಲಿ ಕೋರ್ಟು ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಅಂತ ತೀರ್ಪು ಕೊಟ್ಟಿತು. ಆದರೆ ಕೆಲವು ಪ್ರತಿಗಳು ಅದಾಗಲೇ ಹೊರದೇಶ ಸೇರಿದ್ದವು. ಅವು ಉಳಿದದ್ದರಿಂದ ಚಿತ್ರವೂ ಉಳಿಯಿತು, ಪದವೂ ಉಳಿಯಿತು.

ಈಗ ಅರ್ಥದ ವಿಷಯ. ಪದಕ್ಕೆ ಅರ್ಥ ಕೊಟ್ಟದ್ದು ಯಾವ ನಿಘಂಟೂ ಅಲ್ಲ, ಓರ್ಲಾಕ್ ಪಾತ್ರ ಮಾಡಿದ ಮ್ಯಾಕ್ಸ್ ಶ್ರೆಕ್ ಅನ್ನುವ ನಟನ ಆಕಾರ ಅಂತ ನನ್ನ ವಾದ. (‘ಶ್ರೆಕ್’ ಅಂದರೆ ಜರ್ಮನ್‌ನಲ್ಲಿ ಹೆದರಿಕೆ. ಪ್ರಚಾರಕ್ಕೆ ಇಟ್ಟುಕೊಂಡದ್ದಲ್ಲ, ಆತನ ಹೆಸರೇ ಅದು.) ಬೋಳು ತಲೆ, ಮೊನಚು ಕಿವಿ, ದಟ್ಟ ಹುಬ್ಬು, ಮೊಳದುದ್ದ ಉಗುರು, ಹಲಗೆಯ ಹಾಗೆ ನೆಟ್ಟಗೆ ನಿಂತ ಮೈ. ಕೊನೆಯಲ್ಲಿ ಅವನು ಮೆಟ್ಟಿಲು ಹತ್ತುವಾಗ ನಮಗೆ ಕಾಣುವುದು ಗೋಡೆಯ ಮೇಲಿನ ನೆರಳಷ್ಟೇ. ಬಾಗಿದ ಬೆನ್ನು, ಚಾಚಿದ ಬೆರಳು. ಆ ನೆರಳಿನ ಕೈ ಎಲೆನ್‌ಳ ಎದೆಯ ಮೇಲೆ ಹರಿದು, ಗುಂಡಿಗೆಯ ಜಾಗದಲ್ಲಿ ಮುಷ್ಟಿ ಹಿಡಿಯುತ್ತದೆ. ಅವಳು ಅಲ್ಲೇ ಸೆಟೆದುಕೊಳ್ಳುತ್ತಾಳೆ. ಮುಟ್ಟಿಯೇ ಇಲ್ಲ, ನೋಡಿ.

ಆಮೇಲಿನ ನೂರು ವರ್ಷದ ಬಳಕೆ ನೋಡಿದರೆ ನನ್ನ ವಾದ ಒಪ್ಪುತ್ತೀರಿ. 1979ರಲ್ಲಿ ವರ್ನರ್ ಹೆರ್ಜೋಗ್ ಇದೇ ಕತೆಯನ್ನು ಮತ್ತೆ ತೆಗೆದ. ಅಷ್ಟರಲ್ಲಿ ಹಕ್ಕಿನ ಕಾಟ ಇರಲಿಲ್ಲ, ಪಾತ್ರದ ಹೆಸರು ಮತ್ತೆ ಡ್ರಾಕುಲಾ ಆಯಿತು. ಆದರೆ ಚಿತ್ರದ ಹೆಸರು ನೊಸ್ಫೆರಾಟು ಅಂತಲೇ ಉಳಿಯಿತು, ಬೋಳು ತಲೆಯೂ ಉಳಿಯಿತು. 1991ರಲ್ಲಿ ಬಂದ ‘ವ್ಯಾಂಪೈರ್: ದ ಮಾಸ್ಕರೇಡ್’ ಆಟದಲ್ಲಿ ವ್ಯಾಂಪೈರ್‌ಗಳಿಗೆ ಕುಲಗಳಿವೆ. ಅದರಲ್ಲಿ ಒಂದು ಕುಲದ ಹೆಸರೇ ನೊಸ್ಫೆರಾಟು. ಕುರೂಪಿಗಳು, ಜನರಿಗೆ ಮುಖ ತೋರಿಸಲಾಗದೆ ಚರಂಡಿಯಲ್ಲಿ ಅಡಗಿರುವವರು. ಅಂಕಿತನಾಮವೊಂದು ಜಾತಿವಾಚಕವಾದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? 2002ರಲ್ಲಿ ‘ಸ್ಪಂಜ್‌ಬಾಬ್’ ಕಾರ್ಟೂನಿನ ಒಂದು ಕಂತಿನಲ್ಲಿ ರಾತ್ರಿಪಾಳಿಯ ಅಂಗಡಿಯಲ್ಲಿ ದೀಪ ಪಕಪಕ ಅಂತ ಆರಿ ಹತ್ತುತ್ತದೆ. ಯಾರಪ್ಪಾ ಅಂತ ನೋಡಿದರೆ ಸ್ವಿಚ್ಚಿನ ಪಕ್ಕ ಓರ್ಲಾಕ್ ನಿಂತು ಹಲ್ಲು ಕಿರಿಯುತ್ತಿದ್ದಾನೆ. ಎಲ್ಲರೂ ಒಟ್ಟಿಗೆ ‘ನೊಸ್ಫೆರಾಟು!’ ಅಂತ ಬೈಯುತ್ತಾರೆ, ಬೀದಿಯ ತರಲೆ ಹುಡುಗನನ್ನು ಗದರಿದ ಹಾಗೆ. ಮೂಕಿಚಿತ್ರ ಅಂದರೇನು ಅಂತ ಗೊತ್ತಿಲ್ಲದ ಮಕ್ಕಳಿಗೂ ಆ ಮುಖ ಗೊತ್ತಾಯಿತು. 2024ರಲ್ಲಿ ರಾಬರ್ಟ್ ಎಗ್ಗರ್ಸ್ ಮತ್ತೆ ಇದೇ ಹೆಸರಿನಲ್ಲಿ ಚಿತ್ರ ತೆಗೆದ. ಅಲ್ಲಿ ಓರ್ಲಾಕ್‌ಗೆ ಪೊದೆ ಮೀಸೆ ಬಂದಿದೆ. ಅಷ್ಟಕ್ಕೇ ಜನ ಜಗಳ ಆಡಿದರು!

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ. ವ್ಯಾಂಪೈರ್ ಬಿಸಿಲಿಗೆ ಸಾಯುತ್ತದೆ ಅನ್ನುವುದು ಶುರುವಾದದ್ದು ಈ ಚಿತ್ರದಿಂದ. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ಓಡಾಡುತ್ತಾನೆ. ಹಗಲು ಅವನ ಶಕ್ತಿ ಕಮ್ಮಿ, ಅಷ್ಟೇ. ಅವನನ್ನು ಕೊಲ್ಲುವುದು ಕತ್ತಿ, ಅದರಲ್ಲಿ ಒಂದು ಗೂರ್ಖಾಗಳ ಕುಕ್ರಿ. ಮುರ್ನಾವ್‌ನ ಚಿತ್ರದಲ್ಲಿ ಎಲೆನ್ ಓರ್ಲಾಕ್‌ನನ್ನು ಕೋಳಿ ಕೂಗುವ ತನಕ ತನ್ನ ಬಳಿಯೇ ಉಳಿಸಿಕೊಳ್ಳುತ್ತಾಳೆ. ಬೆಳಕು ಬೀಳುತ್ತದೆ, ಅವನು ಹೊಗೆಯಾಗಿ ಹೋಗುತ್ತಾನೆ. ಕೋಳಿ ಕೂಗಿದರೆ ದೆವ್ವ ಜಾಗ ಖಾಲಿ ಮಾಡುತ್ತದೆ ಅನ್ನುವುದು ನಮ್ಮ ಅಜ್ಜಿಯರ ಕತೆಯಲ್ಲೂ ಇದೆ. ಆದರೆ ಅಲ್ಲಿ ದೆವ್ವ ಓಡಿಹೋಗುತ್ತದೆ, ಸುಟ್ಟುಹೋಗುವುದಿಲ್ಲ. ಇವತ್ತು ವ್ಯಾಂಪೈರ್ ಅಂದ ಕೂಡಲೇ ‘ಬಿಸಿಲಿಗೆ ಬರಲ್ಲ’ ಅನ್ನುವ ಮಕ್ಕಳು ಹೇಳುತ್ತಿರುವುದು ಆ ಸಿನಿಮಾದ ಮಾತನ್ನು.

ಈಗ ಕನ್ನಡಕ್ಕೆ ಬರುತ್ತೇನೆ.

‘ಬೇತಾಳ’ ಅನ್ನಿ ಅಂತ ಕೂಟದ ಹಿರಿಯರೊಬ್ಬರು ಹೇಳಿದರು. ಇದಕ್ಕೂ ಒಂದು ಇತಿಹಾಸ ಇದೆ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ-ಬೇತಾಳ ಕತೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಮಾಡಿಬಿಟ್ಟ. ಹೆಣದಲ್ಲಿ ಇರುತ್ತದೆ, ಸ್ಮಶಾನದ ಮರಕ್ಕೆ ತಲೆಕೆಳಗಾಗಿ ಜೋತುಬಿದ್ದಿರುತ್ತದೆ, ಅಲ್ಲಿಗೆ ಸರಿ. ಆದರೆ ನಮ್ಮ ಬೇತಾಳ ಯಾರ ರಕ್ತ ಕುಡಿದ? ಅವನು ಕತೆ ಹೇಳುತ್ತಾನೆ, ನ್ಯಾಯ ಕೇಳುತ್ತಾನೆ. ‘ಚಂದಮಾಮ’ ಓದಿ ಬೆಳೆದವರ ಮುಂದೆ ಓರ್ಲಾಕ್‌ನನ್ನು ಬೇತಾಳ ಅಂದರೆ ಅವನು ಹೆಗಲೇರಿ ಪ್ರಶ್ನೆ ಕೇಳುವುದನ್ನೇ ಕಾಯುತ್ತಾರೆ. ಬೇಡ. ‘ಭೂತ’ವೂ ಬೇಡ. ನಮ್ಮ ಕೂಟದಲ್ಲಿ ತುಳುನಾಡಿನವರಿದ್ದಾರೆ, ಅವರಿಗೆ ಭೂತ ಅಂದರೆ ಕೋಲ ಕಟ್ಟಿ ನಂಬುವ ದೈವ.

ಉಳಿದದ್ದು ‘ರಕ್ತಪಿಶಾಚಿ’. ಇದು ಪರವಾಗಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಚಿತ್ರದಲ್ಲಿ ‘ವ್ಯಾಂಪೈರ್’ ಅನ್ನುವ ಪದವೂ ಬೇರೆಯಾಗಿ ಬರುತ್ತದೆ. ಹುಟರ್‌ಗೆ ಹೋಟೆಲಿನ ಕೋಣೆಯಲ್ಲಿ ಒಂದು ಹಳೇ ಪುಸ್ತಕ ಸಿಗುತ್ತದೆ, ವ್ಯಾಂಪೈರ್‌ಗಳ ಬಗ್ಗೆ. ಅಲ್ಲಿ ‘ನೆತ್ತರು ಹೀರುವ ಪಿಶಾಚಿ’ ಅಂತ ಹಳೇ ಗತ್ತಿನಲ್ಲಿ ಓದಬಹುದು. ಕಷ್ಟ ಇರುವುದು ಮುಂದೆ. ಪ್ರೊಫೆಸರ್ ಬುಲ್ವರ್ ವಿದ್ಯಾರ್ಥಿಗಳಿಗೆ ನೊಣ ಹಿಡಿಯುವ ಗಿಡ ತೋರಿಸುತ್ತಾನೆ. ಎಲೆ ಮುಚ್ಚಿಕೊಳ್ಳುತ್ತದೆ. ‘ವ್ಯಾಂಪೈರ್ ಥರ, ಅಲ್ವಾ!’ ಅನ್ನುತ್ತಾನೆ. ಇಲ್ಲಿ ‘ರಕ್ತಪಿಶಾಚಿಯಂತೆ’ ಅಂದರೆ ಸಭೆ ನಗುತ್ತದೆ. ನೊಣದಲ್ಲಿ ರಕ್ತ ಎಷ್ಟಿದ್ದೀತು! ಈ ಒಂದು ಕಡೆ ‘ವ್ಯಾಂಪೈರ್’ ಅಂತಲೇ ಇಟ್ಟಿದ್ದೇನೆ. ಒಂದೇ ಪದಕ್ಕೆ ಎರಡು ಕನ್ನಡ ಮಾಡುವುದು ತಪ್ಪು ಅನ್ನುವವರು ಇದ್ದರೆ ಕಾರಣ ಹೇಳಿ.

ಓರ್ಲಾಕ್‌ನ ಹಲ್ಲಿಗೆ ‘ಕೋರೆಹಲ್ಲು’ ಅನ್ನುವುದು ಮಾತ್ರ ಖಂಡಿತ ತಪ್ಪು. ಕೋರೆ ಇರುವುದು ಪಕ್ಕದಲ್ಲಿ. ಇವನ ಚೂಪು ಹಲ್ಲು ಎರಡೂ ಮುಂದೆ, ನಟ್ಟನಡುವೆ, ಇಲಿಯ ಹಾಗೆ. ಅದು ಬೇಕಂತಲೇ ಮಾಡಿದ್ದು. ಅವನ ಹಡಗಿನಲ್ಲಿ ಬರುವುದು ಇಲಿ, ಇಲಿಯ ಜೊತೆ ಪ್ಲೇಗು. ನಮ್ಮ ನಾಟಕಗಳ ಕೋರೆದಾಡೆಯ ರಕ್ಕಸರು ಇಲ್ಲಿಗೆ ಹೊಂದುವುದಿಲ್ಲ. ‘ಇಲಿಹಲ್ಲು’ ಅನ್ನುತ್ತೇನೆ. ಅಂದಹಾಗೆ, 1931ರ ಅಮೆರಿಕನ್ ‘ಡ್ರಾಕುಲಾ’ದಲ್ಲಿ ಬೇಲಾ ಲುಗೋಸಿ ಚೂಪು ಹಲ್ಲು ತೋರಿಸುವುದೇ ಇಲ್ಲ. ನಾವು ‘ಡ್ರಾಕುಲಾ ಹಲ್ಲು’ ಅನ್ನುವುದು ಆಮೇಲಿನ ಚಿತ್ರಗಳಿಂದ ಬಂದದ್ದು.

ಪ್ಲೇಗಿನ ಭಾಗಕ್ಕೆ ಮಾತ್ರ ಕನ್ನಡ ತಾನಾಗಿ ಒದಗಿತು. ‘ಸೋಂಕು’. ಕೊರೋನಾ ಬಂದಮೇಲೆ ಇದು ರೋಗದ ಪದ ಅಂತಲೇ ಎಲ್ಲರ ಬಾಯಲ್ಲಿ ಕೂತಿದೆ. ಆದರೆ ಗಾಳಿ ಸೋಕುವುದೂ ಇದೇ ಸೋಕು. ಇಲಿಯ ರೋಗ ಮತ್ತು ಓರ್ಲಾಕ್‌ನ ಕಾಟ ಎರಡನ್ನೂ ಚಿತ್ರ ಒಂದೇ ಮಾಡಿ ತೋರಿಸುತ್ತದೆ. ‘ಊರಿಗೆ ಸೋಂಕು ಬಂತು’ ಅಂದರೆ ಎರಡೂ ಕೇಳಿಸುತ್ತದೆ.

ಹೆಸರನ್ನು ಅನುವಾದ ಮಾಡುವುದು ಬೇಡ ಅಂತ ತೀರ್ಮಾನಿಸಿದ್ದೇನೆ. ನೂರು ವರ್ಷ ಆ ಮುಖದ ಜೊತೆ ಇದ್ದ ಪದ ಅದು. ಮೊದಲ ಸಲ ಬಂದಾಗ ಪಕ್ಕದಲ್ಲಿ ಒಂದು ವಿವರಣೆಯ ಪದ ಬೇಕಾದರೆ ‘ಪೀಡೆ’ ಅನ್ನೋಣ ಅಂತಿದ್ದೇನೆ. ಸಹಿಸಲಾಗದ್ದು ಅನ್ನುವ ‘ನೆಸುಫೆರಿತ್’ಗೆ ಇದಕ್ಕಿಂತ ಹತ್ತಿರದ ಪದ ನನಗೆ ಹೊಳೆದಿಲ್ಲ. ಪೀಡೆ ಮನುಷ್ಯನಿಗೂ ಸಲ್ಲುತ್ತದೆ, ದೆವ್ವಕ್ಕೂ ಸಲ್ಲುತ್ತದೆ, ರೋಗಕ್ಕೂ ಸಲ್ಲುತ್ತದೆ.

ಇನ್ನು ನಿಮ್ಮಿಂದ ಬೇಕಾದದ್ದು. ಮೊದಲ ಸಾಲಿನ ‘ಸಾವಿನ ಹಕ್ಕಿ’ ನನಗೆ ಒಪ್ಪಿಗೆಯಾಗಿಲ್ಲ. ಜರ್ಮನ್ನರು ಹಾಗೆ ಕರೆಯುವುದು ಗೂಬೆಯ ಜಾತಿಯದನ್ನೇ. ಆದರೆ ‘ಗೂಬೆ’ ಅಂದರೆ ನಮ್ಮಲ್ಲಿ ಬೈಗುಳ, ಹೆದರುವ ಬದಲು ನಕ್ಕುಬಿಡುತ್ತಾರೆ. ಅಪಶಕುನದ ಹಕ್ಕಿಗೆ ನಿಮ್ಮ ಕಡೆ ಬೇರೆ ಹೆಸರು ಇದೆಯೇ? ಉತ್ತರ ಕರ್ನಾಟಕದವರು, ಮಲೆನಾಡಿನವರು ದಯವಿಟ್ಟು ಹೇಳಿ. ಸತ್ತವರು ಎದ್ದು ಬಂದು ರಕ್ತ ಕುಡಿಯುತ್ತಾರೆ ಅನ್ನುವ ನಂಬಿಕೆಗೆ ನಿಮ್ಮ ಊರಲ್ಲಿ ಪದ ಇದ್ದರೆ ಅದನ್ನೂ ಬರೆಯಿರಿ. ಪುಸ್ತಕದ ಪದ ಬೇಡ, ಮನೆಯಲ್ಲಿ ಕೇಳಿದ್ದು ಬೇಕು. ಕಾಗುಣಿತದಲ್ಲೂ ಗೊಂದಲ ಇದೆ. ಪತ್ರಿಕೆಗಳಲ್ಲಿ ‘ನಾಸ್ಫೆರಟು’ ಅಂತಲೂ ಬರೆಯುತ್ತಾರೆ, ಅದು ಇಂಗ್ಲಿಷಿನ ದಾರಿ. ಜರ್ಮನ್ ಉಚ್ಚಾರಕ್ಕೆ ‘ನೊಸ್ಫೆರಾಟು’ ಹತ್ತಿರ, ‘ರಾ’ ಮೇಲೆ ಒತ್ತು. ಕೂಟದ ಕರಪತ್ರ ಈ ಶನಿವಾರ ಮುದ್ರಣಕ್ಕೆ ಹೋಗುತ್ತದೆ, ಆದ್ದರಿಂದ ಕಾಗುಣಿತದ ಉತ್ತರ ಮೊದಲು ಬರಲಿ. ಹಕ್ಕಿಗೆ ಇನ್ನೂ ಸ್ವಲ್ಪ ಸಮಯ ಇದೆ.