ಮಾಗಡಿ ಕೆರೆಗೆ ಹೆಬ್ಬಾತು ನೋಡಲು ಹೊರಟಿದ್ದೇವೆ, ಎಷ್ಟು ಹೊತ್ತಿಗೆ ಹೋಗಬೇಕು?

ಕೇಳಿದ್ದು, ಬೆಂಗಳೂರಿನಿಂದ:
ಜನವರಿಯಲ್ಲಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕೆಂದಿದ್ದೇವೆ. ಅಳಿವಿನಂಚಿನ ವಲಸೆ ಹಕ್ಕಿಗಳು ಬರುತ್ತವೆ ಎಂದು ಓದಿದ್ದೆವು. ಒಂದು ದಿನ ಸಾಕಾ? ಎಷ್ಟು ಹೊತ್ತಿಗೆ ಹೋದರೆ ಹತ್ತಿರದಿಂದ ಕಾಣುತ್ತವೆ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಗದಗದಿಂದ:
ಮೊದಲು ಮ್ಯಾಪ್ ಸರಿಯಾಗಿ ಹಾಕಿಕೊಳ್ಳಿ. ಬರೀ ಮಾಗಡಿ ಎಂದು ಹೊಡೆದರೆ ಕೆಂಪೇಗೌಡರ ಮಾಗಡಿಗೆ ಕರೆದೊಯ್ಯುತ್ತದೆ. ನಗಬೇಡಿ, ನಮ್ಮ ಭಾವ ಹಾಗೆ ಹೊರಟು ತಾವರೆಕೆರೆಯಿಂದ ಫೋನ್ ಮಾಡಿದ್ದರು. ನಿಮಗೆ ಬೇಕಾದದ್ದು ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗದಿಂದ ಸುಮಾರು 26 ಕಿ.ಮೀ.

ಜಾಸ್ತಿ ಜನ ಹನ್ನೊಂದು ಗಂಟೆಗೆ ಬಂದು, ಎಲ್ಲಾ ಮಲಗಿವೆ ಎಂದು ಬೇಸರ ಮಾಡಿಕೊಂಡು ಹೋಗುತ್ತಾರೆ. ಪಟ್ಟೆತಲೆ ಹೆಬ್ಬಾತುಗಳದ್ದು ರಾತ್ರಿ ಪಾಳಿ. ಹೊತ್ತು ಮುಳುಗುವಾಗ ಹೊಲಗಳ ಕಡೆ ಹೊರಡುತ್ತವೆ. ಬೆಳೆ ಮೇಯ್ದು ಬೆಳಿಗ್ಗೆ ಕೆರೆಗೆ ವಾಪಸ್. ಹಗಲೆಲ್ಲ ನೀರಿನಂಚಿನಲ್ಲಿ ಕೊರಳು ಮಡಚಿ ನಿದ್ದೆ. ಹಾಗಾಗಿ ಸಂಜೆ ಐದಕ್ಕೆ ಹೋಗಿ ಕತ್ತಲಾಗುವವರೆಗೆ ಕೂತಿರಿ. ಮೊದಲು ಒಂದೆರಡು ಕೂಗು. ಆಮೇಲೆ ಹಿಂಡಿನಲ್ಲೆಲ್ಲ ಗದ್ದಲ. ಒಂದು ಸಾಲು ಎದ್ದಿತು ಅನ್ನುವಷ್ಟರಲ್ಲಿ ಇನ್ನೊಂದು. ತಲೆ ಮೇಲೆ ಹಾದರೆ ರೆಕ್ಕೆಯ ಸದ್ದೂ ಕೇಳುತ್ತದೆ. ರಾತ್ರಿ ಗದಗದಲ್ಲಿ ಉಳಿದು, ಮರುದಿನ ಸೂರ್ಯ ಹುಟ್ಟುವ ಮೊದಲೇ ಹೋಗಿ ಅವು ಇಳಿಯುವುದನ್ನು ನೋಡಿ. ಒಂದು ಸಂಜೆ, ಒಂದು ಬೆಳಿಗ್ಗೆ. ಅಷ್ಟು ಸಾಕು.

ಧಾರವಾಡದಿಂದ:
ಒಂದು ಸಣ್ಣ ತಿದ್ದುಪಡಿ. ಹೆಬ್ಬಾತು ಅಳಿವಿನಂಚಿನಲ್ಲಿಲ್ಲ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ, ಅದರ ಗತ್ತೇ ಬೇರೆ, ನಿಜ. ಆದರೆ ಈ ಕೆರೆಗೆ ಬರುವ ವಲಸೆಗಾರರಲ್ಲಿ ಚಿಂತೆ ಮಾಡಬೇಕಾದದ್ದು ಪೋಚಾರ್ಡ್ ಬಾತಿನ ಬಗ್ಗೆ. ಜಗತ್ತಿನಲ್ಲೇ ಕಡಿಮೆಯಾಗುತ್ತಿದೆ ಎಂದು ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಸೇರಿದೆ. ಜೊತೆಗೆ ಹೊಳೆ ರೀವ (ರಿವರ್ ಟರ್ನ್), ಅದು ನಮ್ಮ ನಾಡಿನದೇ ಹಕ್ಕಿ. 2024ರಲ್ಲಿ ಕೆರೆಯನ್ನು ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಿದಾಗ ಈ ಎರಡರ ಹೆಸರೂ ಬಂದಿತ್ತು. 166ಕ್ಕೂ ಹೆಚ್ಚು ಬಗೆಯ ಹಕ್ಕಿ, ಅದರಲ್ಲಿ 130 ವಲಸೆಯವು ಎಂದು ಆಗ ಲೆಕ್ಕ ಕೊಟ್ಟಿದ್ದರು. ಸುಮಾರು 50 ಹೆಕ್ಟೇರ್ ಕೆರೆಗೆ ಇದು ಕಮ್ಮಿಯಲ್ಲ, ಅಲ್ವಾ?

ಎಲ್ಲರ ಕ್ಯಾಮೆರಾ ಹೆಬ್ಬಾತಿನ ಮೇಲೆ. ಪೋಚಾರ್ಡನ್ನು ಕೇಳುವವರಿಲ್ಲ. ನೀವು ದಂಡೆ ಬಿಟ್ಟು ನಡುನೀರು ನೋಡಿ. ಗಂಡಿನ ತಲೆ ಇಟ್ಟಿಗೆ ಕೆಂಪು, ಎದೆ ಕಪ್ಪು, ಮೈ ಬೂದಿ. ಮುಳುಗಿ ಮೇಯುವ ಬಾತು, ಎಣಿಸುತ್ತಿದ್ದ ಹಾಗೇ ಮಾಯವಾಗುತ್ತದೆ. ನಾನು ಮೂರು ಸಲ ಎಣಿಸಿ ಮೂರು ಲೆಕ್ಕ ಬರೆದುಕೊಂಡು ಬಂದಿದ್ದೇನೆ. ಮೊಬೈಲ್ ಜೂಮ್ ನಂಬಿ ಹೋಗಬೇಡಿ. ಬೈನಾಕ್ಯುಲರ್ ಯಾರ ಹತ್ತಿರವಾದರೂ ಇಸಕೊಳ್ಳಿ.

ದಾವಣಗೆರೆಯಿಂದ:
'ಹತ್ತಿರದಿಂದ' ಎಂದಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಮಾಡಿದ ತಪ್ಪೂ ಅದೇ. ಮಗನಿಗೆ ಚೆನ್ನಾಗಿ ಕಾಣಲಿ ಎಂದು ಕೆಸರಿನಲ್ಲಿ ಇಪ್ಪತ್ತು ಹೆಜ್ಜೆ ಮುಂದೆ ಹೋದೆವು. ಕೊರಳುಗಳೆಲ್ಲ ಒಟ್ಟಿಗೆ ನೆಟ್ಟಗಾದವು. ಅಲ್ಲೇ ನಿಲ್ಲಬೇಕಿತ್ತು. ಇನ್ನೆರಡು ಹೆಜ್ಜೆ ಇಟ್ಟದ್ದೇ ತಡ, ಇಡೀ ಹಿಂಡು ಎದ್ದು ಆಚೆ ದಂಡೆಗೆ ಹೋಯಿತು. ಬೆಳಿಗ್ಗೆಯಿಂದ ಸ್ಟೂಲ್ ಹಾಕಿ ಕೂತಿದ್ದ ಹಿರಿಯರೊಬ್ಬರು ಏನೂ ಅನ್ನಲಿಲ್ಲ, ಸುಮ್ನೆ ನಮ್ಮನ್ನು ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಇನ್ನೊಂದು ವರ್ಷ ಮಳೆ ಕೈಕೊಟ್ಟಿತ್ತು. ಹೋಗಿ ನೋಡಿದರೆ ಕೆರೆಯ ತಳ ಬಿರುಕು ಬಿಟ್ಟಿತ್ತು. ಅದಕ್ಕೇ ಹೊರಡುವ ಮುಂಚೆ ಈಬರ್ಡ್‌ನಲ್ಲಿ (ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣ) ಆ ವಾರ ಯಾರಾದರೂ ಹಾಕಿದ ಪಟ್ಟಿ ನೋಡಿ. ಟಿಕೆಟ್ ಆಮೇಲೆ.

ಮೈಸೂರಿನಿಂದ:
ಅಷ್ಟು ದೂರ ಆಗದಿದ್ದರೆ ನಮ್ಮ ಕಡೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೂ ಹೆಬ್ಬಾತು ಬರುತ್ತದೆ. ಮಾಗಡಿಯಷ್ಟು ದೊಡ್ಡ ಹಿಂಡು ನಿರೀಕ್ಷಿಸಬೇಡಿ.

ಮಗಳಿಗೆ ಒಂದು ಕೆಲಸ ಕೊಡಿ. ಹಿಂಡಿನ ಕೊರಳುಗಳನ್ನು ಒಂದೊಂದಾಗಿ ನೋಡಲಿ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕೊರಳಿಗೆ ಬಣ್ಣದ ಪಟ್ಟಿ ಹಾಕಿ ಬಿಟ್ಟಿದ್ದಾರೆ. ಅದರ ಮೇಲೆ ಅಕ್ಷರ, ಅಂಕಿ ಇರುತ್ತವೆ. ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಕಂಡರೆ ಪಟ್ಟಿಯ ಬಣ್ಣ, ಅಕ್ಷರ, ದಿನ, ಜಾಗ ಬರೆದುಕೊಂಡು ಈಬರ್ಡ್ ಪಟ್ಟಿಯಲ್ಲಿ ಸೇರಿಸಿ. ನನಗೆ ಒಮ್ಮೆ ಸಿಕ್ಕಿತ್ತು. ಗಡಿಬಿಡಿಯಲ್ಲಿ ಫೋಟೋ ಅಲುಗಿ, ಮೊದಲ ಅಕ್ಷರ ಮಾತ್ರ ಓದಲು ಬಂತು. ಇನ್ನೂ ಆ ಫೋಟೋ ತೆಗೆದು ಹಿಗ್ಗಿಸಿ ನೋಡುತ್ತಿರುತ್ತೇನೆ.

ಕೇಳಿದವರು:
ಎರಡು ದಿನಕ್ಕೆ ರಜೆ ಹಾಕಿದೆ. ಮಗಳು ಈಗಾಗಲೇ ನೋಟ್‌ಬುಕ್‌ನಲ್ಲಿ ಗೆರೆ ಹೊಡೆದು 'ಪೋಚಾರ್ಡ್' ಎಂದು ಬರೆದು, ಮುಂದೆ ಮೂರು ಕಾಲಂ ಖಾಲಿ ಬಿಟ್ಟಿದ್ದಾಳೆ. ಮೂರು ಸಲ ಎಣಿಸಬೇಕಲ್ಲ ಅಂತ.