ಹಳೆಯ ಗುತ್ತಿನ ಮನೆ ಬಿಚ್ಚಿ ಬೇರೆಡೆ ಕಟ್ಟುವುದು ಹೇಗೆ?

ಪ್ರಶ್ನೆ: ಕಾರ್ಕಳದ ಹತ್ತಿರ ಗುತ್ತಿನ ಮನೆತನದ (ತುಳುನಾಡಿನ ಹಳೆಯ ಜಮೀನ್ದಾರಿ ಮನೆತನ) ಹಲಸಿನ ಮರದ ಚೌಕಿ ಮನೆಯೊಂದನ್ನು (ನಡುವೆ ತೆರೆದ ಅಂಗಳವಿರುವ ಮನೆ) ಬಿಚ್ಚಿ, ಬೇರೆ ಜಾಗದಲ್ಲಿ ಹೋಂಸ್ಟೇ ಮಾಡುವ ಯೋಚನೆಯಿದೆ. ಗೋಡೆ ಮುರಕಲ್ಲು (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು), ಮಣ್ಣಿನ ಗಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ 1: ಮೊದಲು ಅಳತೆ ನಕ್ಷೆ, ಫೋಟೊ. ಆಮೇಲೆ ಪ್ರತಿ ತುಂಡಿಗೂ ನಂಬರ್. ಬಣ್ಣ, ಸೀಮೆಸುಣ್ಣ ಬೇಡ, ಮಳೆಗೆ ಹೋಗುತ್ತದೆ. ಅಲ್ಯೂಮಿನಿಯಂ ತಗಡಿನಲ್ಲಿ ನಂಬರ್ ಕೊರೆದು, ಹೊರಗೆ ಕಾಣದ ಮೈಗೆ ಅಲ್ಯೂಮಿನಿಯಂ ಮೊಳೆಯಿಂದಲೇ ಹೊಡೆಯಿರಿ. ಕಂಬಕ್ಕೆ ಉತ್ತರ ದಿಕ್ಕಿನ ಗುರುತೂ ಬೇಕು; ತಿರುಗಿಸಿ ನಿಲ್ಲಿಸಿದರೆ ತೊಲೆ ಕೂರುವುದಿಲ್ಲ. ಹೆಂಚು, ರೀಪು (ಹೆಂಚು ಕೂರುವ ಪಟ್ಟಿ), ಪಕ್ಕಾಸು (ರೀಪು ಹೊರುವ ಇಳಿಜಾರು ಮರ), ತೊಲೆ, ಕಂಬ: ಬಿಚ್ಚುವ ಕ್ರಮ ಇದೇ. ಜೋಡಣೆ ಬಿಗಿಯುವ ಮರದ ಗೂಟವನ್ನು ಸಣ್ಣ ತುದಿಯಿಂದ ಹೊಡೆದು ಹೊರತೆಗೆಯಿರಿ. ದಪ್ಪ ತುದಿಗೆ ಹೊಡೆದರೆ ಇನ್ನಷ್ಟು ಬಿಗಿದು ಜೋಡಣೆಯೇ ಸೀಳುತ್ತದೆ.

ಉತ್ತರ 2: ಮಣ್ಣಿನ ಗಾರೆ ಉಳಿಯದು, ಕಲ್ಲು ಮಾತ್ರ ಉಳಿಯುತ್ತದೆ. ಹೊಸ ಗೋಡೆಗೆ ಸಿಮೆಂಟ್ ಗಿಲಾವು ಹಾಕಲೇಬೇಡಿ. ಮುರಕಲ್ಲಿನ ತೇವ ಒಳಗೇ ಸಿಕ್ಕಿಕೊಂಡು ಗಿಲಾವು ಉಬ್ಬಿ ಬೀಳುತ್ತದೆ. ಗಿಲಾವಿಗೆ ಸುಣ್ಣ 1 ಪಾಲು, ಮರಳು 3 ಪಾಲು ಸಾಕು. ಬಿಚ್ಚಿದ ಮರವನ್ನು ನೆರಳಲ್ಲಿ, ನೆಲದಿಂದ ಎತ್ತರದಲ್ಲಿ, ಪದರದ ನಡುವೆ ಪಟ್ಟಿಯಿಟ್ಟು ಜೋಡಿಸಿ. ಬಿಸಿಲಿಗೆ ಬಿಟ್ಟರೆ ಬಾಗುತ್ತದೆ. ಗೆದ್ದಲು ತಿಂದ ಕಂಬದ ಬುಡವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಒಣಮರ ಕೂಡಿಸಿ. ಇಡೀ ಕಂಬ ಬದಲಿಸುವುದು ಅನ್ಯಾಯ.

ಉತ್ತರ 3: ಬಚ್ಚಲು, ಶೌಚಾಲಯಗಳನ್ನು ಮರದ ಚೌಕಟ್ಟಿಗೆ ತಾಗಿಸದೆ ಹಿಂಬದಿಯಲ್ಲಿ ಪ್ರತ್ಯೇಕವಾಗಿ ಕಟ್ಟಿ. ವೈರಿಂಗ್‌ಗೆ ತೊಲೆ ಕೊರೆಯಬೇಡಿ. ಹಳೆಯ ಮನೆಗಳನ್ನು ತಂದು ಕಟ್ಟಿರುವ ಮಣಿಪಾಲದ ಹೆರಿಟೇಜ್ ವಿಲೇಜ್ ಮ್ಯೂಸಿಯಂನಲ್ಲಿ ಕುಂಜೂರು ಚೌಕಿ ಮನೆ, ಕುಕನೂರಿನ ಕಮಲ್ ಮಹಲ್ ಹೀಗೆಯೇ ಸ್ಥಳಾಂತರಗೊಂಡು ನಿಂತಿವೆ. ಬಡಗಿಗಳನ್ನು ಕರೆದುಕೊಂಡು ಹೋಗಿ, ಜೋಡಣೆಗಳನ್ನು ತೋರಿಸಿ. ಒಂದು ಮಾತು: ಮನೆ ಇದ್ದಲ್ಲೇ ಉಳಿಯುವ ದಾರಿಯಿದ್ದರೆ ದಯವಿಟ್ಟು ಬಿಚ್ಚಬೇಡಿ.