ರಾಯಚೂರಲ್ಲಿದ್ದು ಜಾವಾಸ್ಕ್ರಿಪ್ಟ್ ಕಾನ್ಫರೆನ್ಸ್‌ನಲ್ಲಿ ಮಾತಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ರಾಯಚೂರಿನಿಂದ

ಊರಲ್ಲೇ ಇದ್ದು ವೆಬ್ ಡೆವಲಪರ್ ಕೆಲಸ ಮಾಡುತ್ತೇನೆ, ಬಹುಪಾಲು ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ). ಬೆಂಗಳೂರಿನ ಒಂದು ಕಾನ್ಫರೆನ್ಸ್‌ಗೆ ಪ್ರಸ್ತಾವ ಕಳಿಸುವ ಆಸೆ. ಆದರೆ ಹೆಸರಾದ ಕಂಪನಿಯಲ್ಲಿಲ್ಲ, ಇಂಗ್ಲಿಷ್ ಸರಾಗವಿಲ್ಲ, ಯಾವ ವಿಷಯ ಹಿಡಿಯಬೇಕೋ ತಿಳಿಯುತ್ತಿಲ್ಲ.

ಗಂಗಾವತಿಯಿಂದ

ವಿಷಯ ಹುಡುಕಿಕೊಂಡು ಊರು ಬಿಟ್ಟು ಹೋಗಬೇಡಿ. ಹೊಸ ಫ್ರೇಮ್‌ವರ್ಕ್ ಪರಿಚಯಿಸಲು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಮಾತಾಡಿದ್ದು ಅಕ್ಕಿ ಗಿರಣಿಯ ತೂಕದ ಚೀಟಿ ಬಗ್ಗೆ.

ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿರುತ್ತವೆ, ಲಾರಿ ತೂಗುವ ವೇಬ್ರಿಜ್ ಹತ್ತಿರ ನೆಟ್‌ವರ್ಕ್ ಬಂದು ಬಂದು ಹೋಗುತ್ತದೆ. ಅದಕ್ಕೆ ಸರ್ವಿಸ್ ವರ್ಕರ್ (ಬ್ರೌಸರ್ ಹಿನ್ನೆಲೆಯಲ್ಲಿ ಓಡಿಸುವ ಸ್ಕ್ರಿಪ್ಟ್) ಚೀಟಿ ಬರೆಯುವ ಪುಟವನ್ನು ಫೋನಿನಲ್ಲೇ ಉಳಿಸಿಟ್ಟ ಕ್ಯಾಶ್‌ನಿಂದ ತೆರೆಯುತ್ತದೆ, ಚೀಟಿ ಮೊದಲು ಫೋನಿನ ಬ್ರೌಸರ್ ಒಳಗಿನ ದತ್ತಸಂಗ್ರಹ ಇಂಡೆಕ್ಸ್ಡ್‌ಡಿಬಿಯಲ್ಲಿ ಉಳಿಯುತ್ತದೆ, ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಹೋಗುತ್ತದೆ. ಕಷ್ಟ ಇರುವುದು ಮುಂದೆ. ಸರ್ವರ್ ಚೀಟಿ ಬರೆದುಕೊಂಡಿದೆ, ಅದರ ಉತ್ತರ ಮಾತ್ರ ಫೋನಿಗೆ ತಲುಪಿಲ್ಲ. ಫೋನ್ ಮತ್ತೆ ಕಳಿಸುತ್ತದೆ. ಒಂದೇ ಲಾರಿಗೆ ಎರಡು ಚೀಟಿ, ರೈತನ ಲೆಕ್ಕವೇ ತಪ್ಪು. ಆದ್ದರಿಂದ ಚೀಟಿಯ ಗುರುತಿನ ಸಂಖ್ಯೆ ಫೋನಿನಲ್ಲೇ ಹುಟ್ಟಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹಳೇ ಉತ್ತರವನ್ನೇ ಕೊಡಬೇಕು. ಸಿಗ್ನಲ್ ಬಂದಾಗ ತಾನಾಗಿ ಕಳಿಸುವ ಬ್ಯಾಕ್‌ಗ್ರೌಂಡ್ ಸಿಂಕ್ ಕ್ರೋಮ್‌ನಲ್ಲಿದೆ, ಐಫೋನಿನ ಸಫಾರಿಯಲ್ಲಿ ಇಲ್ಲ. ಹಾಗಾಗಿ ಪುಟ ತೆರೆದಾಗಲೆಲ್ಲ ಕಳಿಸದೆ ಉಳಿದ ಚೀಟಿ ಇದೆಯೇ ಎಂದು ನಾವೇ ನೋಡಬೇಕು.

ನನ್ನ ಭಾಷಣ ಇಷ್ಟೇ. ಮುಗಿದ ಮೇಲೆ ಹಣ ಪಾವತಿ ಆ್ಯಪ್ ಮಾಡುವವರು ಬಂದು ಎರಡು ಚೀಟಿಯ ವಿಷಯವನ್ನೇ ಕೆದಕಿ ಕೆದಕಿ ಕೇಳಿದರು. ಅವರದ್ದೂ ಅದೇ ಗೋಳು!

ಕಂಪನಿ ಹೆಸರಿನ ಚಿಂತೆ ಬಿಡಿ. ಕೆಲವು ಕಡೆ ಮೊದಲ ಸುತ್ತಿನಲ್ಲಿ ಹೆಸರು, ಕಂಪನಿ ಮುಚ್ಚಿಯೇ ಪ್ರಸ್ತಾವ ಓದುತ್ತಾರೆ. 2009ರಲ್ಲಿ ಬರ್ಲಿನ್‌ನ ಜಾವಾಸ್ಕ್ರಿಪ್ಟ್ ಸಮಾವೇಶ ಜೆಎಸ್‌ಕಾನ್ಫ್‌ನಲ್ಲಿ ರಯಾನ್ ಡಾಲ್ ನೋಡ್.ಜೆಎಸ್ (ಬ್ರೌಸರ್ ಹೊರಗೆ, ಸರ್ವರ್‌ನಲ್ಲೂ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ತೋರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಅವರು ಕಟ್ಟಿ ತಂದಿದ್ದ ವಸ್ತುವಿಗೆ. ಪ್ರಸ್ತಾವದ ಮೊದಲ ಎರಡು ಸಾಲಿನಲ್ಲೇ ನಿಮ್ಮ ಸಮಸ್ಯೆ ಬಂದುಬಿಡಲಿ.

ಬಳ್ಳಾರಿಯಿಂದ

ಕನ್ನಡ ಪಠ್ಯವೇ ಒಳ್ಳೇ ವಿಷಯ, ಇದನ್ನು ಯಾರೂ ಎತ್ತುತ್ತಿಲ್ಲ ಅಂತ ನನಗೆ ಬೇಸರ. "ಬಳ್ಳಾರಿ"ಗೆ ಜಾವಾಸ್ಕ್ರಿಪ್ಟ್‌ನಲ್ಲಿ ಲೆಂಗ್ತ್ (ಪಠ್ಯದ ಉದ್ದ) ಕೇಳಿ ನೋಡಿ, 7 ಅನ್ನುತ್ತದೆ. ನಮ್ಮ ಕಣ್ಣಿಗೆ ಅಕ್ಷರ 3. ವಿರಾಮ, ದೀರ್ಘ, ಗುಡಿಸು ಎಲ್ಲವನ್ನೂ ಯುನಿಕೋಡ್ (ಕಂಪ್ಯೂಟರ್ ಅಕ್ಷರಗಳ ಸಂಕೇತ ಪಟ್ಟಿ) ಬೇರೆ ಬೇರೆ ಇಟ್ಟಿರುವುದರಿಂದ ಹೀಗೆ. ಸ್ಲೈಸ್ ಮಾಡಿ ಮೊದಲ ಮೂರು ತೆಗೆದರೆ "ಬಳ್" ಉಳಿಯುತ್ತದೆ. ಜೀನ್ಸ್ ಅಂಗಡಿಯ ಲೇಬಲ್ಲಿನಲ್ಲಿ ಗಿರಾಕಿ ಹೆಸರು ಹೀಗೆ ಅರ್ಧಕ್ಕೆ ತುಂಡಾದರೆ ಯಾರು ಒಪ್ಪುತ್ತಾರೆ? ಪಠ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸಿಕೊಡುವ ಇಂಟ್ಲ್.ಸೆಗ್ಮೆಂಟರ್ 2024ರಲ್ಲಿ ಫೈರ್‌ಫಾಕ್ಸ್‌ಗೂ ಬಂದ ಮೇಲೆ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಸಿಗುತ್ತದೆ. ಒತ್ತಕ್ಷರಗಳನ್ನು ಮಾತ್ರ ಒಂದೊಂದು ಬ್ರೌಸರ್‌ನಲ್ಲೂ ಪರೀಕ್ಷೆ ಮಾಡಿಯೇ ಸ್ಲೈಡಿಗೆ ಹಾಕಿ.

ಕೊಪ್ಪಳದಿಂದ

ಡೆಮೊ ನೆಟ್ ಇಲ್ದೆ ನಡೀಬೇಕ್ರಿ. ಸಭಾಂಗಣದ ವೈಫೈ ನಂಬಬ್ಯಾಡ್ರಿ, ವಿಡಿಯೊ ಮಾಡಿ ಲ್ಯಾಪ್‌ಟಾಪ್‌ನ್ಯಾಗ ಇಟ್ಕೊಳ್ರಿ. ಕೋಡ್ ಅಕ್ಷರ ಹಿಂದಿನ ಸಾಲಿಗೆ ಕಾಣೂ ಹಂಗ ದೊಡ್ಡದಿರ್ಲಿ. ಹಂಪಿ ಎಕ್ಸ್‌ಪ್ರೆಸ್‌ಗೆ ರಾತ್ರಿ ಹತ್ತಿದ್ರ ಮುಂಜಾನೆ ಬೆಂಗಳೂರು ಮುಟ್ತೀವಿ ಖರೆ, ಆದ್ರ ಭಾಷಣದ ದಿನಾನ ಇಳಿಯೂ ಲೆಕ್ಕ ಹಾಕಬ್ಯಾಡ್ರಿ, ಒಂದಿನ ಮೊದ್ಲ ಹೋಗ್ರಿ. ಪ್ರಯಾಣದ ಖರ್ಚು, ವಸತಿ ಕೊಡ್ತಾರೇನು ಅಂತ ಒಪ್ಪಿಗೆ ಕೊಡೂ ಮೊದ್ಲ ಬರವಣಿಗಿಯೊಳಗ ಕೇಳ್ರಿ. ಕೇಳಾಕ ನಾಚಿಕಿ ಬ್ಯಾಡ.

ಸಿಂಧನೂರಿನಿಂದ

ಇಂಗ್ಲಿಷ್ ಬಗ್ಗೆ. ನಾನು ಮೊದಲು ಪೂರ್ತಿ ಭಾಷಣವನ್ನು ಕನ್ನಡದಲ್ಲಿ, ಹತ್ತಿರದ ಎಂಜಿನಿಯರಿಂಗ್ ಹುಡುಗರ ಮುಂದೆ ಹೇಳಿದೆ. ವಿಷಯ ಈವೆಂಟ್ ಲೂಪ್, ಅಂದರೆ ಜಾವಾಸ್ಕ್ರಿಪ್ಟ್ ತನ್ನ ಕೆಲಸಗಳ ಸರದಿ ನೋಡುವ ಬಗೆ: ಸೆಟ್‌ಟೈಮ್‌ಔಟ್ ಎಂಬ ಟೈಮರ್‌ಗೆ ಕಾಯುವ ಸಮಯ ಸೊನ್ನೆ ಕೊಟ್ಟರೂ ಈಗಾಗಲೇ ಈಡೇರಿದ ಪ್ರಾಮಿಸ್‌ನ (ಮುಂದೆ ಬರುವ ಫಲಿತಾಂಶಕ್ಕೆ ಹಿಡಿದಿಟ್ಟ ಜಾಗ) ಕೆಲಸವೇ ಯಾಕೆ ಮೊದಲು ನಡೆಯುತ್ತದೆ ಅಂತ. ಪ್ರಾಮಿಸ್‌ನ ಕೆಲಸಗಳು ಕಾಯುವ ಮೈಕ್ರೋಟಾಸ್ಕ್ ಸಾಲು ಪೂರ್ತಿ ಖಾಲಿಯಾದ ಮೇಲೆ ತಾನೇ ಟೈಮರ್‌ನ ಸರದಿ. ಇದನ್ನು ನಾನು ಎಲ್ಲಿ ತಡವರಿಸಿ ಹೇಳುತ್ತೇನೆ ಅನ್ನುವುದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅಂಥ ಕಡೆಗೆಲ್ಲ ಒಂದು ಚಿತ್ರ ಸೇರಿಸಿದೆ. ಇಂಗ್ಲಿಷಿಗೆ ತಂದಾಗ ಸಣ್ಣ ಸಣ್ಣ ವಾಕ್ಯ ಸಾಕಾದವು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಅನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮೊದಲ ಸಲ ಅರ್ಧ ಗಂಟೆಯದ್ದಕ್ಕಿಂತ ಐದು ನಿಮಿಷದ ಲೈಟ್ನಿಂಗ್ ಟಾಕ್ ಹಿಡಿಯಿರಿ. ಪ್ರಸ್ತಾವದ ಕರಡು ಇಲ್ಲೇ ಹಾಕಿದರೆ ನಾವೆಲ್ಲ ಓದಿ ಹೇಳುತ್ತೇವೆ.